ಫರಕ್ಕಾದ ನೀರು ಮತ್ತು ಬದಲಾದ ನಾಯಕರು: ಒಂದು ಪ್ರಕರಣ ಅಧ್ಯಯನ

ಆಳುವವರು ಬದಲಾದಾಗ ದೇಶವೊಂದರ ವಿದೇಶಾಂಗ ನೀತಿ ಎಷ್ಟು ಬದಲಾಗುತ್ತದೆ? ಆ ಬದಲಾವಣೆ ಚುನಾವಣೆಯಿಂದ ಬಂದಾಗ ಒಂದು ರೀತಿಯದಾಗಿ, ಸೇನಾ ದಂಗೆಯಿಂದ ಬಂದಾಗ ಇನ್ನೊಂದು ರೀತಿಯದಾಗಿ ಇರುತ್ತದೆಯೇ? ಇದನ್ನು ಸಾಮಾನ್ಯ ಸೂತ್ರಗಳಿಂದ ತೀರ್ಮಾನಿಸುವುದಕ್ಕಿಂತ, ಒಂದೇ ನದಿಯ ಒಂದೇ ವಿವಾದವನ್ನು ಹಿಡಿದು ಹಲವು ದಶಕಗಳ ಉದ್ದಕ್ಕೂ ನೋಡುವುದು ಹೆಚ್ಚು ಫಲ ಕೊಡುತ್ತದೆ. ಗಂಗೆಯ ನೀರಿಗಾಗಿ ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ನಡೆದ ಫರಕ್ಕಾ ವಿವಾದ ಅಂಥದ್ದು. ನದಿ ಅದೇ, ಬ್ಯಾರೇಜು ಅದೇ, ಬೇಸಿಗೆಯ ಕೊರತೆಯೂ ಅದೇ. ದಿಲ್ಲಿ ಮತ್ತು ಢಾಕಾಗಳಲ್ಲಿ ಅಧಿಕಾರಕ್ಕೆ ಬಂದವರು ಮಾತ್ರ ಬೇರೆ ಬೇರೆ. ಹೀಗಾಗಿ ನೀತಿಯಲ್ಲಿ ಕಂಡ ಏರುಪೇರುಗಳಲ್ಲಿ ನಾಯಕರ ಪಾಲೆಷ್ಟು ಎಂಬುದನ್ನು ಇಲ್ಲಿ ಸಾಕಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ನೋಡಬಹುದು.

ಪ್ರಕರಣ ಅಧ್ಯಯನಗಳಲ್ಲಿ ಹೆಸರು ಮರೆಸುವುದು ವಾಡಿಕೆ. ಇಲ್ಲಿ ಪ್ರಧಾನಿ, ಅಧ್ಯಕ್ಷರಂಥ ಮುಖ್ಯ ನಾಯಕರ ಹೆಸರು ಮರೆಸಿದರೆ ಪ್ರಕರಣವೇ ಉಳಿಯುವುದಿಲ್ಲವಾದ್ದರಿಂದ ಅವರನ್ನು ಹೆಸರಿನಿಂದಲೇ ಕರೆದಿದ್ದೇನೆ. ಮಾತುಕತೆಗೆ ಕೂತ ಅಧಿಕಾರಿಗಳನ್ನೂ ಸಹಿ ಹಾಕಿದ ಸಚಿವರನ್ನೂ ನೀರು ಅಳೆದ ಎಂಜಿನಿಯರುಗಳನ್ನೂ ಹುದ್ದೆಯಿಂದ ಮಾತ್ರ ಗುರುತಿಸಿದ್ದೇನೆ.

ವಿವಾದದ ಬೇರು

ಫರಕ್ಕಾ ಬ್ಯಾರೇಜು ಇರುವುದು ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಜಿಲ್ಲೆಯಲ್ಲಿ, ಬಾಂಗ್ಲಾ ಗಡಿಯಿಂದ 20 ಕಿ.ಮೀ.ಗೂ ಕಡಿಮೆ ದೂರದಲ್ಲಿ. ಸುಮಾರು 2.2 ಕಿ.ಮೀ. ಉದ್ದದ, 109 ಗೇಟುಗಳ ಈ ಕಟ್ಟೆಯ ಮುಖ್ಯ ಉದ್ದೇಶ ನೀರಾವರಿಯಲ್ಲ, ವಿದ್ಯುತ್ತೂ ಅಲ್ಲ. ಕಲ್ಕತ್ತಾ ಬಂದರಿನಲ್ಲಿ ತುಂಬುತ್ತಿದ್ದ ಹೂಳನ್ನು ಕೊಚ್ಚಿ ಹಾಕಲು ಗಂಗೆಯ ನೀರನ್ನು 38 ಕಿ.ಮೀ. ಉದ್ದದ ಕಾಲುವೆಯ ಮೂಲಕ ಭಾಗೀರಥಿ-ಹೂಗ್ಲಿಗೆ ತಿರುಗಿಸುವುದೇ ಅದರ ಕೆಲಸ. ಕಾಲುವೆಯ ಸಾಮರ್ಥ್ಯ 40,000 ಕ್ಯೂಸೆಕ್.

ಮಳೆಗಾಲದಲ್ಲಿ ಗಂಗೆ ಲಕ್ಷಗಟ್ಟಲೆ ಕ್ಯೂಸೆಕ್ ಹರಿಯುವಾಗ ಈ 40,000 ಲೆಕ್ಕಕ್ಕೇ ಬರುವುದಿಲ್ಲ. ತೊಂದರೆಯೆಲ್ಲ ಜನವರಿಯಿಂದ ಮೇ ವರೆಗಿನದು. ಏಪ್ರಿಲ್ ತಿಂಗಳ ಕೊನೆಯ ಹತ್ತು ದಿನ ಫರಕ್ಕಾಕ್ಕೆ ಬರುವ ನೀರನ್ನು 55,000 ಕ್ಯೂಸೆಕ್ ಎಂದು 1977ರಲ್ಲಿ ಎರಡೂ ಕಡೆಯವರು ಒಪ್ಪಿದ್ದರು. ಅದರಲ್ಲಿ ಭಾರತ 40,000 ಎತ್ತಿಕೊಂಡರೆ ಕೆಳಗಿನವರಿಗೆ ಉಳಿಯುವುದು 15,000. ಅಷ್ಟರಲ್ಲಿ ಗಂಗಾ-ಕಬದಕ್ ನೀರಾವರಿ ಯೋಜನೆಯ ಪಂಪುಗಳಿಗೆ ನೀರು ಎಟಕುವುದಿಲ್ಲ, ಗೊರಾಯಿ ನದಿಯ ಬಾಯಿ ಒಣಗುತ್ತದೆ, ಖುಲ್ನಾದ ಕಡೆಗೆ ಸಮುದ್ರದ ಉಪ್ಪು ಮೇಲೇರಿ ಬರುತ್ತದೆ. ಕಾವೇರಿ ಬಯಲಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತುಂಬಿ ಹರಿಯುವ ನದಿಗೆ ಯಾರೂ ಜಗಳವಾಡುವುದಿಲ್ಲ; ಜಗಳವೆಲ್ಲ ಸಂಕಷ್ಟ ಸೂತ್ರದ್ದು.

ಇಬ್ಬರ ವಿಶ್ವಾಸದ ಮೇಲೆ ನಿಂತ ಒಪ್ಪಂದ

ಬಾಂಗ್ಲಾ ವಿಮೋಚನೆಯ ಬೆನ್ನಿಗೇ, 1972ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಮತ್ತು ಶೇಖ್ ಮುಜಿಬುರ್ ರೆಹಮಾನ್ 25 ವರ್ಷಗಳ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಜಂಟಿ ನದಿ ಆಯೋಗ ಹುಟ್ಟಿದ್ದೂ ಅದೇ ವರ್ಷ. ಆ ವಿಶ್ವಾಸದ ಬಲದಿಂದಲೇ 1975ರ ಏಪ್ರಿಲ್ 18ರಂದು ಒಂದು ಸಣ್ಣ ಒಪ್ಪಂದವಾಯಿತು: ಏಪ್ರಿಲ್ 21ರಿಂದ ಮೇ 31ರ ವರೆಗೆ, ಅಂದರೆ 41 ದಿನ, ಭಾರತ 11,000ದಿಂದ 16,000 ಕ್ಯೂಸೆಕ್ ವರೆಗೆ ಹಂತಹಂತವಾಗಿ ನೀರು ತಿರುಗಿಸಿ ಕಾಲುವೆಯನ್ನು ಪರೀಕ್ಷಿಸಬಹುದು.

ಭಾರತ ಕೇಳುತ್ತಿದ್ದುದಕ್ಕೆ ಹೋಲಿಸಿದರೆ ಇದು ತೀರಾ ಸೌಮ್ಯವಾದ ಏರ್ಪಾಡು. ಅದರ ದೌರ್ಬಲ್ಯ ಅಂಕಿಗಳಲ್ಲಿ ಇರಲಿಲ್ಲ. ಆ ವರ್ಷದ ಜನವರಿಯಲ್ಲಿ ಮುಜೀಬ್ ಸಂವಿಧಾನಕ್ಕೆ ತಿದ್ದುಪಡಿ ತಂದು ದೇಶವನ್ನು ಏಕಪಕ್ಷ ಆಡಳಿತದತ್ತ ಒಯ್ದಿದ್ದರು. ಒಪ್ಪಂದವನ್ನು ಬಹಿರಂಗವಾಗಿ ಪ್ರಶ್ನಿಸುವ ವಿರೋಧ ಪಕ್ಷ ಢಾಕಾದಲ್ಲಿ ಇರಲಿಲ್ಲ. ಪ್ರಶ್ನಿಸುವವರಿಲ್ಲದ ಕಾರಣ ಸಮರ್ಥಿಸುವವರನ್ನು ಕಟ್ಟಿಕೊಳ್ಳುವ ಅಗತ್ಯವೂ ಬೀಳಲಿಲ್ಲ. ಒಪ್ಪಂದಕ್ಕಿದ್ದ ಆಧಾರ ಒಬ್ಬ ನಾಯಕನ ಮಾತು. ಈ ಪ್ರಕರಣದ ಬಹುಪಾಲು ಮುಂದಿನ ಘಟನೆಗಳು ಇದೇ ಕೊರತೆಯಿಂದ ಹುಟ್ಟಿದವು ಎಂಬುದು ನನ್ನ ನಿಲುವು.

1975ರ ಆಗಸ್ಟ್ 15

ಅಂದು ಬೆಳಗಿನ ಜಾವ ಸೇನೆಯ ಒಂದು ಗುಂಪು ಮುಜೀಬರನ್ನೂ ಅವರ ಕುಟುಂಬದ ಬಹುತೇಕರನ್ನೂ ಕೊಂದಿತು. ಮರುದಿನ ಸೌದಿ ಅರೇಬಿಯಾ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತು. ಆಗಸ್ಟ್ 31ರಂದು ಚೀನಾ ಕೊಟ್ಟಿತು. ಮೂರೂವರೆ ವರ್ಷ ಬಾರದಿದ್ದದ್ದು ಹದಿನಾರು ದಿನಗಳಲ್ಲಿ ಬಂತು. ನವೆಂಬರ್‌ನಲ್ಲಿ ಮತ್ತೆ ಎರಡು ಬಾರಿ ಸೇನೆಯೊಳಗೇ ಉಥಲಪಥಲವಾಗಿ, ಜನರಲ್ ಜಿಯಾವುರ್ ರೆಹಮಾನ್ ನಿಜವಾದ ಅಧಿಕಾರ ಹಿಡಿದವರಾಗಿ ಹೊರಹೊಮ್ಮಿದರು.

ಇಲ್ಲಿ ಬದಲಾದದ್ದು ಒಬ್ಬ ವ್ಯಕ್ತಿ ಮಾತ್ರವಲ್ಲ, ಆ ವ್ಯಕ್ತಿಯ ಬೆನ್ನಿಗಿದ್ದ ಬಣ. ಮುಜೀಬರ ಬಲ ಅವಾಮಿ ಲೀಗ್ ಮತ್ತು ವಿಮೋಚನೆಯ ನೆನಪು. ಜಿಯಾ ಅವರಿಗೆ ಬೇಕಾಗಿದ್ದದ್ದು ದಂಡಿನ ನಿಷ್ಠೆ, ಮುಜೀಬ್ ಕಾಲದಲ್ಲಿ ಮೂಲೆಗುಂಪಾಗಿದ್ದ ಧಾರ್ಮಿಕ ಗುಂಪುಗಳು, ಮತ್ತು ಭಾರತದ ಪ್ರಭಾವವನ್ನು ಕಂಡರಾಗದ ಎಡಪಂಥೀಯರು. ಈ ಮೂವರನ್ನೂ ಒಟ್ಟಿಗೆ ಹಿಡಿದಿಡಬಲ್ಲ ವಿಷಯ ಫರಕ್ಕಾದಷ್ಟು ಸುಲಭವಾಗಿ ಇನ್ನೊಂದು ಸಿಕ್ಕುತ್ತಿರಲಿಲ್ಲ. 1977ರಲ್ಲಿ ಅವರು ಸೇನಾಡಳಿತದ ಘೋಷಣೆಯ ಮೂಲಕ ಸಂವಿಧಾನದಿಂದ ಜಾತ್ಯತೀತತೆಯನ್ನು ತೆಗೆದು, ಮುಸ್ಲಿಂ ರಾಷ್ಟ್ರಗಳೊಂದಿಗೆ ಭ್ರಾತೃತ್ವ ಬೆಳೆಸುವುದು ರಾಜ್ಯದ ಧ್ಯೇಯವೆಂದು ಸೇರಿಸಿದರು. ವಿದೇಶಾಂಗ ನೀತಿಯ ಹೊಸ ದಿಕ್ಕು ಸಂವಿಧಾನದೊಳಕ್ಕೇ ಬಂದಿತು, ಅದೂ ಸಂಸತ್ತೇ ಇಲ್ಲದ ಕಾಲದಲ್ಲಿ.

ಭಾರತದ ಸ್ಥಿತಿಯೂ ಆಗ ಸಹಜವಾಗಿರಲಿಲ್ಲ ಎಂಬುದನ್ನು ಮರೆಯಬಾರದು. 1975ರ ಜೂನ್ 25ರಿಂದ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು, ಪತ್ರಿಕೆಗಳ ಬಾಯಿ ಕಟ್ಟಿತ್ತು, ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿದ್ದರು. 1976ರ ಬೇಸಿಗೆಯಲ್ಲಿ ಯಾವ ಒಪ್ಪಂದವೂ ಇಲ್ಲದೆ ಭಾರತ ಫರಕ್ಕಾದಲ್ಲಿ ನೀರು ತಿರುಗಿಸಿದಾಗ, ಅದರ ಸರಿತಪ್ಪುಗಳನ್ನು ದಿಲ್ಲಿಯಲ್ಲಿ ಬಹಿರಂಗವಾಗಿ ಚರ್ಚಿಸಬಲ್ಲವರು ಹೆಚ್ಚು ಮಂದಿ ಹೊರಗಿರಲಿಲ್ಲ. ಪ್ರಜಾಪ್ರಭುತ್ವ ಮತ್ತು ಸರ್ವಾಧಿಕಾರಗಳನ್ನು ಹೋಲಿಸುವ ಬರಹಗಳು ದೇಶಕ್ಕೊಂದು ಚೀಟಿ ಅಂಟಿಸಿ ಮುಂದೆ ಹೋಗುವುದುಂಟು. ಅದೇ ದೇಶ ಎರಡು ವರ್ಷ ಬೇರೆಯೇ ಆಗಿ ನಡೆದುಕೊಳ್ಳಬಹುದು.

ಮಾತುಕತೆಯ ಬಾಗಿಲು ಮುಚ್ಚಿದಾಗ ಢಾಕಾ ಬೀದಿಗೂ ಹೋಯಿತು, ಜಗತ್ತಿನ ವೇದಿಕೆಗಳಿಗೂ ಹೋಯಿತು. 1976ರ ಮೇ 16ರಂದು ವಯೋವೃದ್ಧ ರೈತ ನಾಯಕ ಮೌಲಾನಾ ಭಾಷಾನಿ ರಾಜಶಾಹಿಯಿಂದ ಫರಕ್ಕಾದ ಕಡೆಗೆ ಪಾದಯಾತ್ರೆ ಹೊರಟರು. ಅದೇ ತಿಂಗಳು ಇಸ್ತಾಂಬುಲ್‌ನ ಇಸ್ಲಾಮಿಕ್ ವಿದೇಶಾಂಗ ಸಚಿವರ ಸಮ್ಮೇಳನದಲ್ಲಿ, ಆಗಸ್ಟ್‌ನಲ್ಲಿ ಕೊಲಂಬೋದ ಅಲಿಪ್ತ ಶೃಂಗಸಭೆಯಲ್ಲಿ, ಕೊನೆಗೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ವಿಷಯ ಎದ್ದಿತು. ನವೆಂಬರ್ 26ರಂದು ಮಹಾಸಭೆ ಒಮ್ಮತದ ಹೇಳಿಕೆಯೊಂದನ್ನು ಅಂಗೀಕರಿಸಿ, ಇಬ್ಬರೂ ಢಾಕಾದಲ್ಲಿ ಸಚಿವ ಮಟ್ಟದಲ್ಲಿ ಕೂತು ಮಾತಾಡಬೇಕೆಂದಿತು. ಕೂತರು, ಮುಗಿಯಲಿಲ್ಲ.

1977: ಚುನಾವಣೆ ತಂದ ತಿರುವು

1977ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತರು. 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಒಂದು ತಿಂಗಳು ಕಳೆಯುವ ಮೊದಲೇ ರಕ್ಷಣಾ ಸಚಿವ ಜಗಜೀವನ್ ರಾಮ್ ಢಾಕಾಕ್ಕೆ ಹೋಗಿ, ಏಪ್ರಿಲ್ 18ರಂದು ತಿಳಿವಳಿಕೆಯೊಂದಕ್ಕೆ ಬಂದರು. ನವೆಂಬರ್ 5ರಂದು ಐದು ವರ್ಷಗಳ ಒಪ್ಪಂದಕ್ಕೆ ಢಾಕಾದಲ್ಲಿ ಸಹಿ ಬಿತ್ತು. ಸಹಿ ಮಾಡಿದವರನ್ನು ಗಮನಿಸಿ: ಭಾರತದ ಪರವಾಗಿ ಕೃಷಿ ಮತ್ತು ನೀರಾವರಿ ಸಚಿವರು, ಏಳೆಂಟು ತಿಂಗಳ ಹಿಂದೆ ಮತ ಗೆದ್ದು ಬಂದವರು, ಬಾಂಗ್ಲಾದ ಪರವಾಗಿ ನೌಕಾಪಡೆಯ ಮುಖ್ಯಸ್ಥರು, ಜಲಸಂಪನ್ಮೂಲ ಖಾತೆಯನ್ನೂ ಹೊತ್ತ ರಿಯರ್ ಅಡ್ಮಿರಲ್. ಎರಡು ಬಗೆಯ ಆಡಳಿತಗಳು ಒಂದೇ ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಅಪರೂಪ.

ಆ ಒಪ್ಪಂದದ ಜೊತೆಗಿದ್ದ ಕೋಷ್ಟಕದ ಒಂದು ಸಾಲನ್ನು ಹತ್ತಿರದಿಂದ ನೋಡಬೇಕು. ಏಪ್ರಿಲ್ 21ರಿಂದ 30: ಒಟ್ಟು ಹರಿವು 55,000, ಭಾರತಕ್ಕೆ 20,500, ಬಾಂಗ್ಲಾಕ್ಕೆ 34,500 ಕ್ಯೂಸೆಕ್. ಅಂದರೆ 40,000 ಬೇಕೆಂದು ಕಟ್ಟಿದ ಕಾಲುವೆಗೆ ಭಾರತ ಸುಮಾರು ಅರ್ಧದಷ್ಟಕ್ಕೆ ಒಪ್ಪಿತ್ತು. ಅದರ ಮೇಲೆ ಖಾತರಿ ಕಲಮು: ಹರಿವು ಎಷ್ಟೇ ಇಳಿದರೂ ಬಾಂಗ್ಲಾದ ಪಾಲು ಆ ಹತ್ತು ದಿನಗಳ ನಿಗದಿಯ ಶೇ. 80ಕ್ಕಿಂತ ಕೆಳಗೆ ಹೋಗಕೂಡದು. ಆ ಸಾಲಿಗೆ ಅನ್ವಯಿಸಿದರೆ 27,600 ಕ್ಯೂಸೆಕ್. ಕೊರತೆಯ ಭಾರವನ್ನು ಮೇಲಿನ ದೇಶ ಹೊರುವುದು ಎಂಬ ಒಪ್ಪಿಗೆ ಅದು. ಪಶ್ಚಿಮ ಬಂಗಾಳದಲ್ಲಿ ಇದಕ್ಕೆ ಕಟು ವಿರೋಧ ಬಂತು. ಕಲ್ಕತ್ತಾ ಬಂದರನ್ನು ಬಿಟ್ಟುಕೊಟ್ಟಿರಿ ಎಂಬ ಆರೋಪ ಜನತಾ ಸರ್ಕಾರದ ಬೆನ್ನು ಬಿಡಲಿಲ್ಲ.

ಮೊರಾರ್ಜಿ ಇಷ್ಟು ಬೇಗ ಇಷ್ಟು ದೂರ ಹೋದದ್ದು ಹೇಗೆ? ಹಿಂದಿನ ಸರ್ಕಾರ ನೆರೆಯವರೊಂದಿಗೆ ಕೆಡಿಸಿಕೊಂಡಿದ್ದನ್ನು ಸರಿಪಡಿಸುವುದು ಹೊಸ ಸರ್ಕಾರದ ಗುರುತೇ ಆಗಿತ್ತು, ಮತ್ತು 1976ರ ಹಟಕ್ಕೆ ಅವರು ವೈಯಕ್ತಿಕವಾಗಿ ಜವಾಬ್ದಾರರಾಗಿರಲಿಲ್ಲ. ಸೋತ ನಾಯಕಿಗೆ ಹಿಂದೆ ಸರಿಯುವುದು ಮಾನಭಂಗವಾಗುತ್ತಿತ್ತು. ಗೆದ್ದವರಿಗೆ ಅದೇ ಹೆಜ್ಜೆ ಸಾಧನೆಯಾಯಿತು. ಚುನಾವಣೆಯಿಂದ ಬಂದ ನಾಯಕತ್ವ ಬದಲಾವಣೆ ವಿದೇಶಾಂಗ ನೀತಿಗೆ ಮಾಡಬಲ್ಲ ದೊಡ್ಡ ಉಪಕಾರ ಇದು. ಆದರೆ ಅದರ ಮಿತಿಯನ್ನೂ ಹೇಳಬೇಕು. ಭಾರತ 40,000 ಕ್ಯೂಸೆಕ್‌ನ ಬೇಡಿಕೆಯನ್ನು ಕೈಬಿಡಲಿಲ್ಲ. ಗಂಗೆಗೆ ಬ್ರಹ್ಮಪುತ್ರದಿಂದ ಕಾಲುವೆ ತರಬೇಕೆಂಬ ಅದರ ಹಳೆಯ ವಾದವೂ ನಿಲ್ಲಲಿಲ್ಲ. ಗುರಿ ಉಳಿಯಿತು, ಕಾಯುವ ಸಹನೆ ಹೊಸದಾಗಿ ಬಂತು. ಢಾಕಾದಲ್ಲಿ 1975ರಲ್ಲಿ ಗುರಿಯೇ ತಿರುಗಿತ್ತು.

ಜಿಯಾ ಅವರಿಗೂ ಆ ವರ್ಷ ಒಪ್ಪಂದ ಬೇಕಾಗಿತ್ತು. 1977ರ ಮೇ ಕೊನೆಯಲ್ಲಿ ಅವರು ನಡೆಸಿದ ಜನಾಭಿಪ್ರಾಯದಲ್ಲಿ ಶೇ. 98ಕ್ಕೂ ಹೆಚ್ಚು ಮತ ತಮಗೇ ಬಿತ್ತೆಂದು ಘೋಷಿಸಿದರು. ಇಂಥ ಅಂಕಿಯಿಂದ ಸಿಗದ ಮಾನ್ಯತೆಯನ್ನು ಮೇಲಿನ ದೊಡ್ಡ ದೇಶದಿಂದ ನೀರು ತಂದುಕೊಟ್ಟು ಗಳಿಸಬಹುದಿತ್ತು.

ಹಿಂತಿರುಗಿದವರು, ಹೊಸದಾಗಿ ಬಂದವರು

1980ರ ಜನವರಿಯಲ್ಲಿ ಇಂದಿರಾ ಮರಳಿದರು. ಜನತಾ ಸರ್ಕಾರದ ಒಪ್ಪಂದವನ್ನು ಅವರು ಹರಿದು ಹಾಕಲಿಲ್ಲ. 1982ರ ನವೆಂಬರ್‌ಗೆ ಅವಧಿ ಮುಗಿಯುವ ವರೆಗೂ ನಡೆಸಿಕೊಂಡು ಬಂದು, ಮುಂದುವರಿಸದೆ ಬಿಟ್ಟರು. ಇಷ್ಟವಿಲ್ಲದ ಒಪ್ಪಂದವೊಂದನ್ನು ಪ್ರಜಾಪ್ರಭುತ್ವದ ನಾಯಕರು ಸಾಮಾನ್ಯವಾಗಿ ಕೈಬಿಡುವ ರೀತಿ ಇದೇ: ಮುರಿಯದೆ, ಮುಗಿಯಲು ಬಿಟ್ಟು.

ಅಷ್ಟರಲ್ಲಿ ಢಾಕಾದಲ್ಲಿ ಜಿಯಾ 1981ರ ಮೇ 30ರಂದು ಚಿತ್ತಗಾಂಗ್‌ನಲ್ಲಿ ಹತ್ಯೆಯಾಗಿದ್ದರು. 1982ರ ಮಾರ್ಚ್ 24ರಂದು ಜನರಲ್ ಎರ್ಷಾದ್ ಅಧಿಕಾರ ಕಸಿದುಕೊಂಡಿದ್ದರು. ಅಕ್ಟೋಬರ್‌ನಲ್ಲಿ ಎರ್ಷಾದ್ ದಿಲ್ಲಿಗೆ ಬಂದು ಎರಡು ಬೇಸಿಗೆಗಳ ತಿಳಿವಳಿಕೆ ಪತ್ರಕ್ಕೆ ಒಪ್ಪಿದರು. ಶೇ. 80ರ ಖಾತರಿ ಅದರಲ್ಲಿ ಇರಲಿಲ್ಲ. ಒಬ್ಬ ಸೇನಾಧಿಕಾರಿ ಹೋರಾಡಿ ಪಡೆದದ್ದನ್ನು ಇನ್ನೊಬ್ಬ ಸೇನಾಧಿಕಾರಿ ಏಳು ತಿಂಗಳಲ್ಲಿ ಬಿಟ್ಟುಕೊಟ್ಟರು. ಇದನ್ನು ದೇಶದ್ರೋಹವೆಂದು ಓದುವುದು ಸರಿಯಲ್ಲ. ಹೊಸದಾಗಿ ದಂಗೆಯಿಂದ ಬಂದವರಿಗೆ ಹೊರಗಿನ ಮಾನ್ಯತೆಯ ಬೆಲೆ ಹೆಚ್ಚು, ಪ್ರಶ್ನಿಸುವ ಸಂಸತ್ತು ಎದುರಿಗಿಲ್ಲ. ಸೇನಾಡಳಿತ ಅಂದರೆ ಹಟಮಾರಿ ನೀತಿ ಎಂಬ ಸಾಮಾನ್ಯ ನಂಬಿಕೆಯನ್ನು ಇಲ್ಲಿ ತಿದ್ದಿಕೊಳ್ಳಬೇಕು. ಅದು ಎರಡೂ ದಿಕ್ಕಿಗೆ ಬೇಗ ಹೊರಳಬಲ್ಲದು.

1985ರಲ್ಲಿ ರಾಜೀವ್ ಗಾಂಧಿ ಮತ್ತು ಎರ್ಷಾದ್ ಬಹಾಮಾಸ್‌ನ ಕಾಮನ್‌ವೆಲ್ತ್ ಸಭೆಯಲ್ಲಿ ಭೇಟಿಯಾದ ಮೇಲೆ ಇನ್ನೊಂದು ಮೂರು ವರ್ಷದ ಪತ್ರವಾಯಿತು. 1988ರ ನಂತರ ಅದೂ ಇಲ್ಲ.

ಮುಂದಿನದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಭಾಗ. 1990ರ ಡಿಸೆಂಬರ್‌ನಲ್ಲಿ ಎರ್ಷಾದ್ ಜನಚಳವಳಿಗೆ ಮಣಿದು ಇಳಿದರು, 1991ರಲ್ಲಿ ಖಾಲಿದಾ ಜಿಯಾ ಚುನಾವಣೆ ಗೆದ್ದು ಬಂದರು. ಈಗ ಎರಡೂ ಕಡೆ ಜನರು ಆರಿಸಿದ ಸರ್ಕಾರ. ಆದರೂ ಐದು ವರ್ಷ ಒಂದು ಹನಿ ನೀರಿನ ಒಪ್ಪಂದವೂ ಆಗಲಿಲ್ಲ. ಖಾಲಿದಾ ಅವರ ಪಕ್ಷ ಜಿಯಾ ಕಟ್ಟಿದ್ದು. ಭಾರತದ ಎದುರು ಬಾಗದಿರುವುದು ಅದರ ಹುಟ್ಟುಗುಣ. ಅವರು ಮತ್ತೆ ವಿಶ್ವಸಂಸ್ಥೆಯ ವೇದಿಕೆಯಲ್ಲಿ ಫರಕ್ಕಾದ ಮಾತೆತ್ತಿದರು. ದಿಲ್ಲಿಯಲ್ಲಿ ನರಸಿಂಹ ರಾಯರಿಗೆ ಕಲ್ಕತ್ತಾದಲ್ಲಿ ಆಳುತ್ತಿದ್ದ ಎಡರಂಗವನ್ನು ಎದುರುಹಾಕಿಕೊಂಡು ಗಳಿಸುವಂಥದ್ದು ಏನೂ ಇರಲಿಲ್ಲ. ಆಡಳಿತದ ಬಗೆ ಬದಲಾದರೆ ಸಾಲದು, ನಾಯಕರ ಬೆಂಬಲದ ನೆಲೆಯೂ ಬದಲಾಗಬೇಕು ಎಂಬುದಕ್ಕೆ ಈ ಐದು ವರ್ಷಗಳೇ ಸಾಕ್ಷಿ.

1996

ಜೂನ್ 1ರಂದು ಹೆಚ್.ಡಿ. ದೇವೇಗೌಡರು ಪ್ರಧಾನಿಯಾದರು, ಜೂನ್ 23ರಂದು ಢಾಕಾದಲ್ಲಿ ಮುಜೀಬರ ಮಗಳು ಶೇಖ್ ಹಸೀನಾ. ಒಂದೇ ತಿಂಗಳಲ್ಲಿ ಎರಡೂ ಕಡೆ ನಾಯಕರು ಬದಲಾದರು, ಇಬ್ಬರ ಬೆನ್ನಿಗಿದ್ದ ಬಣಗಳೂ ಹೊಸವು. ಅವಾಮಿ ಲೀಗ್ 21 ವರ್ಷಗಳ ನಂತರ ಮರಳಿತ್ತು. ದಿಲ್ಲಿಯ ಸಂಯುಕ್ತ ರಂಗ ನಿಂತಿದ್ದೇ ಎಡಪಕ್ಷಗಳ ಬೆಂಬಲದ ಮೇಲೆ.

ದೇವೇಗೌಡರಿಗೆ ನದಿ ಹಂಚಿಕೆ ಹೊಸದಲ್ಲ. ಹೆಗಡೆ ಸಂಪುಟದಲ್ಲಿ ನೀರಾವರಿ ಖಾತೆ ನೋಡಿಕೊಂಡವರು, 1995ರ ಮಳೆ ಕೈಕೊಟ್ಟು ಕಾವೇರಿ ವಿವಾದ ಪ್ರಧಾನಿಯ ಮುಂದೆ ಬಂದಾಗ ಮುಖ್ಯಮಂತ್ರಿಯಾಗಿ ಕರ್ನಾಟಕದ ಪರ ನಿಂತವರು. ಮೇಲ್ದಂಡೆಯವರ ಭಯ ಎಂಥದ್ದೆಂದು ಅವರು ಪುಸ್ತಕ ಓದಿ ತಿಳಿಯಬೇಕಿರಲಿಲ್ಲ. ಆದರೆ ಕನ್ನಡಿಗರೆಂಬ ಅಭಿಮಾನದಿಂದ ಪೂರ್ತಿ ಶ್ರೇಯಸ್ಸನ್ನು ಅವರೊಬ್ಬರಿಗೇ ಕೊಟ್ಟರೆ ಪ್ರಕರಣವನ್ನು ತಪ್ಪಾಗಿ ಓದಿದಂತಾಗುತ್ತದೆ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಸೆಪ್ಟೆಂಬರ್‌ನಲ್ಲಿ ಢಾಕಾಕ್ಕೆ ಹೋಗಿ ದಾರಿ ಮಾಡಿದರು. ನಿರ್ಣಾಯಕವಾದದ್ದು ಅದರ ನಂತರದ ಹೆಜ್ಜೆ: ನವೆಂಬರ್ ಕೊನೆಯಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ತಾವೇ ಢಾಕಾಕ್ಕೆ ಹೋದರು. 1977ರಲ್ಲಿ ಒಪ್ಪಂದವನ್ನು ಹೊರಗೆ ನಿಂತು ವಿರೋಧಿಸಿದ್ದ ಕಲ್ಕತ್ತಾ, ಈ ಬಾರಿ ಒಳಗೆ ಕೂತು ಕಟ್ಟಿತು.

ಡಿಸೆಂಬರ್ 12ರಂದು ದಿಲ್ಲಿಯಲ್ಲಿ 30 ವರ್ಷಗಳ ಒಪ್ಪಂದಕ್ಕೆ ಇಬ್ಬರು ಪ್ರಧಾನಿಗಳು ಸಹಿ ಹಾಕಿದರು. ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಮಪಾಲು. 70,000ದಿಂದ 75,000ದ ನಡುವೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕಿಂತ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾಕ್ಕೆ. ಮಾರ್ಚ್ 1ರಿಂದ ಮೇ 10ರ ವರೆಗೆ ಹತ್ತು ಹತ್ತು ದಿನಗಳ ಸರದಿಯಲ್ಲಿ ಒಬ್ಬೊಬ್ಬರಿಗೂ ಮೂರು ಬಾರಿ 35,000ದ ಭರವಸೆ. ಹರಿವು 50,000ಕ್ಕಿಂತ ಇಳಿದರೆ ತಕ್ಷಣ ಸಮಾಲೋಚನೆ. 1977ರ ಖಾತರಿ ಕಲಮು ಇದರಲ್ಲಿ ಇಲ್ಲ, ಮತ್ತು ಖಾಲಿದಾ ಅವರ ಪಕ್ಷ ಢಾಕಾದಲ್ಲಿ ಅದನ್ನೇ ಹಿಡಿದು ಒಪ್ಪಂದವನ್ನು ಬಲವಾಗಿ ವಿರೋಧಿಸಿತು.

ಮೊದಲ ಬೇಸಿಗೆಯಲ್ಲೇ, 1997ರ ಮಾರ್ಚ್ ಕೊನೆಯಲ್ಲಿ, ನದಿ ಅಂದಾಜಿಗಿಂತ ತುಂಬ ಕೆಳಗಿಳಿಯಿತು. ಏಪ್ರಿಲ್‌ನಲ್ಲಿ ದೇವೇಗೌಡರು ಅಧಿಕಾರ ಕಳೆದುಕೊಂಡರು. 1998ರಲ್ಲಿ ವಾಜಪೇಯಿ ಬಂದರು. 2001ರ ಅಕ್ಟೋಬರ್‌ನಲ್ಲಿ ಖಾಲಿದಾ ಮರಳಿ ಅಧಿಕಾರಕ್ಕೆ ಬಂದರು. ಐದು ವರ್ಷ ದಿಲ್ಲಿಯೊಂದಿಗಿನ ಸಂಬಂಧ ಹದಗೆಟ್ಟೇ ಇತ್ತು, ಆದರೆ ತಾವು ಬಯ್ದಿದ್ದ ಒಪ್ಪಂದವನ್ನು ಅವರು ರದ್ದು ಮಾಡಲಿಲ್ಲ. ಬಹಿರಂಗವಾಗಿ ವಿರೋಧಿಸಲು ಅವಕಾಶವಿದ್ದ ಒಪ್ಪಂದ ವಿರೋಧಿಗಳ ಕಾಲದಲ್ಲೂ ಬದುಕಿತು. 1975ರಲ್ಲಿ ಯಾರೂ ವಿರೋಧಿಸಲಾಗದಿದ್ದ ಏರ್ಪಾಡನ್ನು ನಾಯಕನ ಸಾವಿನ ನಂತರ ಮುಂದುವರಿಸಲು ಒಬ್ಬರೂ ಇರಲಿಲ್ಲ. ಈ ಪ್ರಕರಣದಿಂದ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು.

ಎಲ್ಲರ ಒಪ್ಪಿಗೆಗೆ ಕಾಯುವ ಈ ರೀತಿಗೆ ತೆರುವ ಬೆಲೆಯೂ ಇದೆ, ಮತ್ತು ಅದನ್ನು ಹೆಚ್ಚಾಗಿ ಬಡವರೇ ತೆರುತ್ತಾರೆ. 1974ರಲ್ಲಿ ಇಂದಿರಾ ಮತ್ತು ಮುಜೀಬ್ ಮಾಡಿಕೊಂಡ ಭೂಗಡಿ ಒಪ್ಪಂದವನ್ನು ಬಾಂಗ್ಲಾ ಅದೇ ವರ್ಷ ಅನುಮೋದಿಸಿತು. ಭಾರತಕ್ಕೆ ಸಂವಿಧಾನ ತಿದ್ದುಪಡಿ ಬೇಕಾಗಿತ್ತು, ಅದು ಆದದ್ದು 2015ರಲ್ಲಿ. ಅಲ್ಲಿಯ ವರೆಗೆ 162 ಗಡಿದ್ವೀಪಗಳ, ಅಂದರೆ ಒಂದು ದೇಶದೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ದೇಶದ ನೆಲದ ತುಣುಕುಗಳ, ಜನರು ಯಾವ ದೇಶದ ಪಡಿತರ ಚೀಟಿಯೂ ಸರಿಯಾಗಿ ಸಿಗದೆ 41 ವರ್ಷ ಬದುಕಿದರು. 2011ರ ಸೆಪ್ಟೆಂಬರ್‌ನಲ್ಲಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ತೀಸ್ತಾ ನದಿಯ ಒಪ್ಪಂದ ಸಿದ್ಧವಿತ್ತು. ಆ ವರ್ಷ ಮೇ ತಿಂಗಳಲ್ಲಿ ಕಲ್ಕತ್ತಾದಲ್ಲಿ ನಾಯಕತ್ವ ಬದಲಾಗಿತ್ತು, ಹೊಸ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಸಹಿ ಬೀಳಲಿಲ್ಲ. ಸಂಯುಕ್ತ ವ್ಯವಸ್ಥೆಯಲ್ಲಿ ನಾಯಕತ್ವ ಬದಲಾವಣೆಯೆಂದರೆ ಪ್ರಧಾನಿಯ ಬದಲಾವಣೆ ಮಾತ್ರವಲ್ಲ.

ಮತ್ತೆ ಒಂದು ಆಗಸ್ಟ್

2009ರಲ್ಲಿ ಹಸೀನಾ ಅಧಿಕಾರಕ್ಕೆ ಮರಳಿದ್ದರು. 2014ರಿಂದಾಚೆಗೆ ಬಾಂಗ್ಲಾದ ಚುನಾವಣೆಗಳು ಹೆಸರಿಗೆ ಮಾತ್ರ ಉಳಿಯುತ್ತ ಬಂದವು; 2014ರಲ್ಲೂ 2024ರಲ್ಲೂ ಮುಖ್ಯ ವಿರೋಧ ಪಕ್ಷ ಕಣದಲ್ಲೇ ಇರಲಿಲ್ಲ. ದಿಲ್ಲಿಯ ಸ್ನೇಹ ದಿನೇದಿನೇ ಒಬ್ಬ ನಾಯಕಿಯೊಂದಿಗಿನ ಸ್ನೇಹವಾಯಿತು. ಈ ತಪ್ಪು ನಮ್ಮದೂ ಹೌದು. 2024ರ ಆಗಸ್ಟ್ 5ರಂದು ಹಸೀನಾ ಜನಚಳವಳಿಗೆ ಮಣಿದು ಅಧಿಕಾರ ಬಿಟ್ಟು ಭಾರತಕ್ಕೆ ಓಡಿಬಂದಾಗ, ವೀಸಾ, ವ್ಯಾಪಾರ, ರಾಯಭಾರದ ಮಾತು ಎಲ್ಲವೂ ಕೆಲವೇ ವಾರಗಳಲ್ಲಿ ಹದಗೆಟ್ಟವು; 1975ರ ವೇಗವನ್ನು ಬಲ್ಲವರಿಗೆ ಅದು ಅಪರಿಚಿತವಾಗಿರಲಿಲ್ಲ.

ಆದರೆ 1975ರಲ್ಲಿ ಇಲ್ಲದಿದ್ದ ಒಂದು ಈ ಸಲ ಇತ್ತು. 1996ರ ಒಪ್ಪಂದದ ನಾಲ್ಕನೆಯ ಕಲಮಿನ ಪ್ರಕಾರ, ಜಂಟಿ ಸಮಿತಿಯ ತಂಡಗಳು ಪ್ರತಿದಿನದ ಹರಿವನ್ನು ಫರಕ್ಕಾ ಬ್ಯಾರೇಜಿನ ಕೆಳಗೆ, ತಿರುವು ಕಾಲುವೆಯಲ್ಲಿ, ದೋಣಿ ದಾಟಿಸುವ ಲಾಕಿನಲ್ಲಿ, ಮತ್ತು ಗಡಿಯಾಚೆ ಹಾರ್ಡಿಂಜ್ ಸೇತುವೆಯ ಬಳಿ ಅಳೆದು ಬರೆದಿಡಬೇಕು. 2025ರ ಮಾರ್ಚ್ ಮೊದಲ ವಾರ, ಎರಡು ಸರ್ಕಾರಗಳ ನಡುವೆ ಸೌಜನ್ಯದ ಮಾತೂ ಕಷ್ಟವಾಗಿದ್ದ ದಿನಗಳಲ್ಲಿ, ಬಾಂಗ್ಲಾದ ಎಂಜಿನಿಯರುಗಳ ತಂಡ ಫರಕ್ಕಾಕ್ಕೆ ಬಂದು ಅಳತೆಯನ್ನು ನೋಡಿ, ಸಮಿತಿಯ ಸಭೆಗೆ ಕಲ್ಕತ್ತಾಕ್ಕೆ ಹೋಯಿತು. ಒಪ್ಪಂದದ 30 ವರ್ಷದ ಅವಧಿ 2026ರ ಡಿಸೆಂಬರ್‌ನಲ್ಲಿ ಮುಗಿಯುತ್ತದೆ.